ಸಾಕಿದ ಹಾವಿಗೆ ಹೊರಗಿನ ಇಲಿ

ಕಳೆದ ವಾರ ಇಲ್ಲಿ, ನಾನಿರುವ ಪರದೇಶದ ಊರಿನ ವೆಸ್ಟ್‌ಲ್ಯಾಂಡ್ಸ್‌ನ ಅಂಗಡಿಯೊಂದರಲ್ಲಿ ಇಲಿ ಪಾಷಾಣದ ಪೊಟ್ಟಣ ಕಂಡೆ. ಜೀರಿಗೆ ಪೆಪ್ಪರ್‌ಮೆಂಟಿನಂಥ ಗುಲಾಬಿ ಕಾಳುಗಳು. ಇದೇ ಊರಿನ ಹೈರಿಡ್ಜ್‌ನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ಅವರ ಯಜಮಾನರು ಇಲ್ಲಿನ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಹೆಬ್ಬಾವು ಸಾಕಿದ್ದರು. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಸಣ್ಣ ಜಾತಿಯದು. ಹಾವಿನ ಊಟಕ್ಕೆಂದೇ ಬೆಳೆಸಿ, ಕೊಂದು, ಹೆಪ್ಪುಗಟ್ಟಿಸಿದ ಇಲಿಗಳನ್ನು ತರಿಸಿ ಶಾಲೆಯ ಪ್ರಯೋಗಾಲಯದ ಫ್ರಿಜ್ಜಿನಲ್ಲಿಡುತ್ತಿದ್ದರು. ಅವರು ಹಠಾತ್ತನೆ ತೀರಿಕೊಂಡ ಮೇಲೆ ಆ ಫ್ರಿಜ್ಜಿನ ಅನುಕೂಲ ತಪ್ಪಿತು, ಹಾವು ಆಂಟಿಗೆ ಉಳಿಯಿತು. ಯಾರಿಗಾದರೂ ಕೊಟ್ಟುಬಿಡಿ ಎಂದು ನಾನು ಹೇಳಿದರೆ ಕೇಳಲಿಲ್ಲ.

"ಇವ್ರ ಕೈ ಗುರುತು ಇರೋದು ಈಗ ಅವನೊಬ್ನಿಗೇ ಕಣೇ," ಎಂದು ಗಾಜಿನ ಪೆಟ್ಟಿಗೆ ತೋರಿಸಿದರು.

"ಹಾಗಾದ್ರೆ ಇಲಿ ತರಿಸಿ ನಿಮ್ಮ ಫ್ರೀಜರ್‌ನಲ್ಲಿಡಿ ಆಂಟಿ."

"ಕಾಯಿತುರಿ ಪಕ್ಕ ಇಲಿನಾ? ಒಳ್ಳೆ ಹೇಳ್ದೆ! ಈರುಳ್ಳಿಗೇ ನಮ್ಮತ್ತೆ ಬೇರೆ ಬುಟ್ಟಿ ಇಟ್ಟಿದ್ರು."

"ನಮ್ಮನೇಲಿಡ್ತೀನಿ ಬಿಡಿ."

"ಅದೂ ಬೇಡ. ಇವನಿಗೋಸ್ಕರ ಇಲಿ ಹುಟ್ಟಿಸಿ ಸಾಯ್ಸೋ ಪಾಪ ಇವ್ರದ್ದೇ ಅಂತ ಇಷ್ಟು ದಿನ ಸುಮ್ನಿದ್ದೆ. ಈಗ ನನ್ ತಲೆಗ್ಯಾಕೆ?"

ನಮ್ಮ ಕಾಂಪೌಂಡಿನ ಕಾವಲುಗಾರ ಬೋನಿಟ್ಟು ಇಲಿ ಹಿಡಿಯುತ್ತಿದ್ದ, ಹಿಡಿದದ್ದನ್ನು ಹೊಡೆದು ಎಸೆಯುತ್ತಿದ್ದ. ಆಂಟಿಗೆ ಅದೇ ಸರಿ ಕಂಡಿತು. ಹೇಗೂ ಸಾಯುವ ಇಲಿ, ತಮಗಾಗಿ ಸತ್ತದ್ದಲ್ಲ. "ಪಾನ್ಯಾ!" ಎಂದು, ಅಂದರೆ ಇಲ್ಲಿನ ಭಾಷೆಯಲ್ಲಿ ಇಲಿ ಎಂದು, ಕೂಗಿ ಅವನು ಅದರ ಬಾಲ ಹಿಡಿದು ಬಂದರೆ, ಆಂಟಿ ಮುಖ ಅತ್ತ ತಿರುಗಿಸಿ ಹಳೆಯ ಇಕ್ಕಳ ಚಾಚಿ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳುತ್ತಿದ್ದರು. ನಾವು ಮೂವರೂ ನಗುತ್ತಿದ್ದೆವು... ನಕ್ಕೆವೆಂದೇ ನನ್ನ ನೆನಪು. ಇನ್ನೊಂದು ದುಃಖಕ್ಕೆ ಮುಂಚಿನ ದಿನಗಳನ್ನು ನೆನಪು ಕೊಂಚ ಹೆಚ್ಚೇ ಬೆಳಗಿಸುತ್ತದೆಯೇನೋ.

ಒಂದು ಬೆಳಿಗ್ಗೆ ಹಾವಿನ ಬಾಯಲ್ಲಿ ರಕ್ತವಿತ್ತು. ಕೈಯಲ್ಲೆತ್ತಿದರೆ ಸುತ್ತಿಕೊಳ್ಳದೆ ಜೋತುಬಿತ್ತು. ದಿಂಬಿನ ಚೀಲದಲ್ಲಿ ಅದನ್ನು ಮಡಿಲಿಗಿಟ್ಟುಕೊಂಡು ಆಂಟಿ ಟ್ಯಾಕ್ಸಿಯಲ್ಲಿ ಕೂತರು. ಪಶುವೈದ್ಯೆಯ ಬಳಿ ಹೋಗುವವರೆಗೂ ಚೀಲವನ್ನು ಸವರುತ್ತಲೇ ಇದ್ದರು. ವೈದ್ಯೆ ಬಯ್ಯಲಿಲ್ಲ. ಹೊರಗಿನ ಇಲಿ ಏನು ತಿಂದಿದೆಯೋ ಯಾರಿಗೂ ತಿಳಿಯದು. ಅದರ ಹೊಟ್ಟೆಯ ಹುಳ, ರೋಗಗಳೂ ಹಾವಿಗೆ ದಾಟಬಹುದು. ಇದು ಮಾತ್ರ ಪಾಷಾಣವೇ ಇರಬೇಕು, ಖಚಿತವಾಗಿ ಹೇಳಲಾರೆ ಎಂದರು. ನಮ್ಮ ಕಾಂಪೌಂಡಿನ ಹಿಂದಿದ್ದ ಗೋದಾಮಿನವರು ಗೋಡೆಯುದ್ದಕ್ಕೂ ಗುಲಾಬಿ ಕಾಳು ಹರಡಿದ್ದು ನಮಗೆ ತಿಳಿದದ್ದು ಮನೆಗೆ ಮರಳಿದ ಮೇಲೆ.

ಸಂಜೆಯ ಹೊತ್ತಿಗೆ ಹಾವು ಸತ್ತಿತು. ಬೇಲಿಯ ಬಳಿ ಗುಂಡಿ ತೋಡಿಸಿದೆವು.

"ಇವನಿಗೆ ಸರ್ಪಸಂಸ್ಕಾರ ಮಾಡಿಸ್ಬೇಕೇನೇ?" ಆಂಟಿ ಕೇಳಿದರು.

"ಅದು ನಾಗರಹಾವಿಗಲ್ವಾ ಆಂಟಿ? ಇವನು ಮನೇಲಿ ಸಾಕಿದ ಹಾವು."

"ಮನೇಲಿ ಸಾಕಿದ್ದಕ್ಕೇ ಕಣೇ ಕೇಳ್ತಿರೋದು."

ಮಣ್ಣು ಮುಚ್ಚಿದ ಮೇಲೆ, "ಇಲಿ ಪಾಪಕ್ಕೆ ಹೆದರಿದೋಳು ನಾನು..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು.

ಮರುವರ್ಷ ಆಂಟಿ ಮೈಸೂರಿಗೆ, ತಂಗಿಯ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರಂತೆ. ಹಾವಿಗೆ ಸಂಸ್ಕಾರ ಮಾಡಿಸಿದ್ದರೋ ಇಲ್ಲವೋ, ಕೇಳಲು ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ತಪ್ಪು ನಿಮ್ಮದಲ್ಲ ಎಂದು ಅಂದು ಹೇಳಿ ಅವರ ಕೈ ಹಿಡಿದೆ ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಹಾಗೆ ನಡೆದದ್ದು ನೆನಪಿಲ್ಲ, ನಡೆದಿದ್ದರೆ ಚೆನ್ನಾಗಿತ್ತು ಎಂಬುದಷ್ಟೇ ನಿಜ. ಈಗ ಹೇಳೋಣವೆಂದರೆ ಅವರಿಲ್ಲ.