ನಿನಗೇನೂ ಇಲ್ಲ ಅಂದವರು

ಮುಳ್ಳೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋಗಿ ವಿಚಾರಿಸುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಹೆರಿಗೆ ನೋವು ಬಂದವರನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅಂಥ ನಾನು ಹತ್ತಿರ ಹತ್ತಿರ ಎಂಟು ತಿಂಗಳು ಊರಿನ ಬಸ್ ನಿಲ್ದಾಣ ದಾಟಲಿಲ್ಲ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ.

ಮೊದಲ ಸಲ ಆದದ್ದು ತಿಂಗಳ ಮೀಟಿಂಗ್ ಮುಗಿಸಿಕೊಂಡು ಕೊಳ್ಳೇಗಾಲದಿಂದ ಬರುವಾಗ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು, ಬೆರಳುಗಳು ಜೋಮು ಹಿಡಿದವು, ಉಸಿರು ಗಂಟಲಿನಿಂದ ಕೆಳಗಿಳಿಯಲಿಲ್ಲ. ಸತ್ತೇ ಹೋದೆ ಅಂದುಕೊಂಡೆ. ಕಂಡಕ್ಟರ್ ದಾರಿಯಲ್ಲೇ ಇಳಿಸಿದರು. ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಕೂತಿದ್ದಕ್ಕೇ ಎಲ್ಲ ಸರಿಹೋಯಿತು. ಮರುದಿನ ಇಸಿಜಿ ಮಾಡಿಸಿದೆವು. ಡಾಕ್ಟರು ಕಾಗದ ನೋಡಿ, "ಹಾರ್ಟ್ ಚೆನ್ನಾಗಿದೆ. ನಿಮಗೇನೂ ಇಲ್ಲ" ಅಂದರು.

ಏನೂ ಇಲ್ಲದ್ದು ಇನ್ನೊಂದು ಸಲ ಬಸ್ಸಿನಲ್ಲಿ ಬಂತು, ಆಮೇಲೆ ಸಂತೆಯಲ್ಲೂ ಬಂತು. ಎಲ್ಲಿ ಕೂತರೆ ಬೇಗ ಇಳಿಯಬಹುದು, ಎಲ್ಲಿ ಬಿದ್ದರೆ ಯಾರು ಎತ್ತುತ್ತಾರೆ ಎಂದು ಯೋಚಿಸುವುದೇ ನನ್ನ ದಿನವಾಯಿತು. ಬಸ್ಸು ಬಿಟ್ಟೆ, ಸಂತೆ ಬಿಟ್ಟೆ. ಯಳಂದೂರಿನಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆಂದು ರೇಷ್ಮೆ ಸೀರೆ ಉಟ್ಟವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ತಂಗಿ ಫೋನಿನಲ್ಲಿ ಅತ್ತಳು. "ಊರೋರ ಮಕ್ಕಳಿಗೆಲ್ಲ ಓಯ್ತೀಯ, ನನ್ನ ಮಗೀಗೆ ಬರಕ್ಕಾಗಲ್ವ ನಿಂಗ?"

ಅತ್ತೆ ಗಾಳಿ ಸೋಕಿದೆ ಅಂದರು. ನನ್ನ ಗಂಡ, "ಡಾಕ್ಟ್ರೇ ಏನಿಲ್ಲ ಅಂದವ್ರೆ. ಮನಸು ಗಟ್ಟಿ ಮಾಡ್ಕ" ಅಂದರು. ಈ ಮಾತನ್ನು ನಾನೇ ಎಷ್ಟು ಹೆಂಗಸರಿಗೆ ಹೇಳಿದ್ದೆನೋ. ಕೇಳಿಸಿಕೊಳ್ಳುವವರಿಗೆ ಅದು ಎಷ್ಟು ಉರಿ ಹತ್ತಿಸುತ್ತದೆ ಎಂದು ಆಗ ಗೊತ್ತಾಯಿತು.

ಒಂದು ಬೆಳಿಗ್ಗೆ ನಾನು ನೋಡಿಕೊಳ್ಳುತ್ತಿದ್ದ ಚೊಚ್ಚಲ ಬಸುರಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಬಂತು. ಅವಳನ್ನು ಮಲಗಿಸಿ, ನಾನೂ ಒಂದು ಕಾಲು ಒಳಗಿಟ್ಟೆ. ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಕೊಳ್ಳೇಗಾಲದಲ್ಲೇ ಎಂಬ ಯೋಚನೆ ಬಂದದ್ದೇ ತಡ, ಕಾಲು ಹಿಂದಕ್ಕೆ ಬಂತು. ನನಗೆ ಬಿಪಿ ಜಾಸ್ತಿಯಾಗಿದೆ ಎಂದು ಸುಳ್ಳು ಹೇಳಿ, ಅವಳ ಅತ್ತೆಯನ್ನು ಹತ್ತಿಸಿ ಕಳಿಸಿದೆ. ಹೆರಿಗೆ ಸುಸೂತ್ರವಾಗಿ ಆಯಿತು. ಆದರೂ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಬಾಣಂತಿಯನ್ನು ನೋಡಲು ಹೋದಾಗ ಅವಳು, "ಅಕ್ಕ, ನೀವು ಜೊತೇಲಿ ಇರ್ತೀರ ಅಂತ ಧೈರ್ಯವಾಗಿದ್ದೆ" ಅಂದಳು. ಇನ್ನೊಂದು ಸುಳ್ಳು ಹೇಳಲಾಗದೆ, ಇದ್ದದ್ದನ್ನೆಲ್ಲ ಹೇಳಿದೆ. ಅವಳು ಬುದ್ಧಿ ಹೇಳಲಿಲ್ಲ. "ನಮ್ಮ ಚಿಕ್ಕವ್ವಂಗೂ ಇಂಗೇ ಆಗದು. ಕಾಮಗೆರೇಲಿ ಮನಸಿನ ಡಾಕ್ಟ್ರತ್ರ ತೋರಿಸ್ದೋ. ಈಗ ವಾಸಿ" ಅಂದಳು.

ಬಸ್ಸು ಹತ್ತಲಾಗದ ಕಾಯಿಲೆಗೆ ಡಾಕ್ಟರು ಇದ್ದದ್ದು ಎರಡು ಬಸ್ಸು ಹತ್ತಿ ಹೋಗಬೇಕಾದ ಊರಿನಲ್ಲಿ. ಗಂಡನ ಬೈಕಿನಲ್ಲಿ, ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ.

"ನೀವು ಬಸ್ಸಿಗೆ ಹೆದರ್ತಿಲ್ಲ," ಅಂದರು ಆ ಡಾಕ್ಟರು. "ಬಸ್ಸಲ್ಲಿ ಮತ್ತೆ ಹಾಗಾದ್ರೆ ಗತಿಯೇನು ಅಂತ ಹೆದರ್ತಿದ್ದೀರ. ಅವತ್ತು ಬಂದಿದ್ದು ಪ್ಯಾನಿಕ್ ಅಟ್ಯಾಕ್. ಎಷ್ಟೇ ಜೋರಾಗಿ ಬಂದ್ರೂ ಅದು ತಾನಾಗೇ ಇಳಿಯುತ್ತೆ. ಆದ್ರೆ ಅದು ಇಳಿಯೋ ಮುಂಚೆ ನೀವು ಎದ್ದು ಓಡ್ತೀರ. ಓಡಿದ್ದಕ್ಕೇ ಬದುಕಿದೆ ಅಂತ ನಿಮ್ಮ ಮೈ ಕಲಿತುಬಿಟ್ಟಿದೆ. ಓಡ್ತಾ ಓಡ್ತಾ ಮನೆಯೊಳಗೆ ಬಂದು ಸೇರಿದ್ದೀರ. ಇದಕ್ಕೆ ಅಗೋರಫೋಬಿಯಾ ಅಂತಾರೆ."

ನನಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. ಈ ನಾಲ್ಕು ಮಾತನ್ನು ಮೊದಲ ದಿನವೇ ಯಾರಾದರೂ ಹೇಳಬಾರದಿತ್ತೇ?

ಮಾತ್ರೆ ಕೊಟ್ಟರು. ಜೊತೆಗೆ, ದಿನವೂ ಬಸ್ಸು ಹತ್ತಬೇಕು, ಹೆದರಿಕೆ ಇಳಿಯುವವರೆಗೆ ನಾನು ಇಳಿಯಬಾರದು ಅಂದರು. ಮೊದಲು ಗಂಡನ ಜೊತೆ ಒಂದೇ ಒಂದು ಸ್ಟಾಪು. ಆಮೇಲೆ ಒಬ್ಬಳೇ. ಮೂರನೆಯ ವಾರ ಬಸ್ಸಿನಲ್ಲಿ ಮತ್ತೆ ಅದೇ ಎದೆಬಡಿತ. ನನ್ನ ಮುಖ ನೋಡಿ ಕಂಡಕ್ಟರ್, "ಇಳೀತೀರೇನವ್ವ?" ಅಂದರು.

"ಇಲ್ಲ ಸಾ. ಕೊಳ್ಳೇಗಾಲಕ್ಕೆ ಟಿಕೆಟ್ ತಕಂಡಿವ್ನಿ," ಅಂದೆ.

ಸೀಟಿನ ಕಂಬಿ ಹಿಡಿದು ಕೂತೇ ಇದ್ದೆ. ಬೆನ್ನೆಲ್ಲ ಒದ್ದೆಯಾಯಿತು. ಕೊಳ್ಳೇಗಾಲ ಇನ್ನೂ ದೂರವಿರುವಾಗಲೇ ಎದೆ ನಿಧಾನವಾಯಿತು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದರೆ ಹನೂರಿನ ತರಬೇತಿಗೆ ಹೊರಟವಳು ಮಧುವನಹಳ್ಳಿಯಲ್ಲೇ ಇಳಿದು ವಾಪಸ್ ಬಂದೆ. ಮೇಲ್ವಿಚಾರಕಿ, "ಇನ್ನೂ ಅದೇ ಕಥೆನಾ?" ಎಂದು ಕೇಳಿದರು. ಹೌದು, ಅದೇ ಕಥೆ, ಅಂದೆ. ಮುಂದಿನ ತಂಡದ ಜೊತೆ ಮತ್ತೆ ಹೊರಟೆ. ದಾರಿಯುದ್ದಕ್ಕೂ ಸೀಟಿನ ಕಂಬಿ ಬಿಡಲಿಲ್ಲ. ಆದರೆ ಹನೂರಿನಲ್ಲಿಯೇ ಇಳಿದೆ.