ಅಕ್ಕ ನೆಡದ ಹೂಗಳು

ಬೈಂಡಿಂಗ್ ಅಕ್ಕ ಸೋಮಾರಿ ಎಂದು ನಾನು ಬಹಳ ದಿನ ನಂಬಿದ್ದೆ. ಎದುರುಮನೆಯ ಕಿಟಕಿಯಲ್ಲಿ ಕೂತು ಬೀದಿಯವರ ಗುಣದೋಷ ಅಳೆಯುವುದು ನನ್ನಂಥ ಬರೆಯುವವರಿಗೆ ಅಂಟಿದ ರೋಗ. ಅವರ ಮನೆಮುಂದೆ ಗೇಟಿನಿಂದ ಮೆಟ್ಟಿಲವರೆಗೆ ಎರಡು ಗಜ ಅಗಲದ ಮಣ್ಣಿನ ಪಟ್ಟಿ. ಹೂ ಮುಗಿದ ಗಿಡಗಳು ಅಲ್ಲಿ ತಲೆಯ ಮೇಲೆ ಕಾಯಿ ಹೊತ್ತು ತಿಂಗಳುಗಟ್ಟಲೆ ಒಣಗಿ ನಿಂತಿರುತ್ತಿದ್ದವು. ಅಕ್ಕ ಕೀಳುತ್ತಿರಲಿಲ್ಲ. ಒಂದು ಭಾನುವಾರ, ಉಪಕಾರ ಮಾಡೋಣವೆಂದು ನಾನೇ ಹೋಗಿ ಅಲ್ಲಿ ಎದ್ದಿದ್ದ ಕಳೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿದೆ. ಅದು ಆ ವರ್ಷದ ಹೂವಿನ ಸಸಿ. ಅಕ್ಕ ಗುಡ್ಡೆಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲು ಹಾಕಿಕೊಂಡರು. ನನ್ನ ಪುಸ್ತಕಗಳಿಗೆ ಅವತ್ತಿನಿಂದ ಬೇರೆ ಬೈಂಡರ್.

ಅಕ್ಕ ಮನೆಯಲ್ಲೇ ಪುಸ್ತಕ ಹೊಲಿದು ಪ್ರೆಸ್ಸಿಗೆ ಕೊಟ್ಟು ಬರುವವರು. ಅಂಟಿನಿಂದ ಬೆರಳು ಗಡುಸು. ನಾಲಿಗೆ ಅದಕ್ಕಿಂತ ಗಡುಸು. ಗಂಡ ತೀರಿಕೊಂಡ ಮೇಲೆ ಕೆಳಮನೆ ಅವರ ಪಾಲಿಗೆ ಬಂತು, ಮಹಡಿ ಗಂಡನ ಅಣ್ಣನ ಪಾಲಿಗೆ. ಪಾಲುಪತ್ರದಲ್ಲಿ ನಲ್ಲಿಗೂ ಒಂದು ಸಾಲಿತ್ತು. ಮಣ್ಣಿನ ಪಟ್ಟಿಯನ್ನು ಮಾತ್ರ ಎಲ್ಲರೂ ಮರೆತಿದ್ದರು.

ಈ ಭಾವ ನಿವೃತ್ತ ಸೂಪರಿಂಟೆಂಡೆಂಟ್. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಮಹಡಿಯ ಕುಂಡಗಳಲ್ಲಿ ಡೇಲಿಯಾ ಬೆಳೆಸುತ್ತಿದ್ದರು. ಚಳಿಗೆ ಮೊದಲು ಗೆಡ್ಡೆಗಳನ್ನು ತೆಗೆದು, ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟಿ ಒಣ ಮರಳಲ್ಲಿ ಮಲಗಿಸಿ, ಚಳಿ ಕಳೆದ ಮೇಲೆ ಮತ್ತೆ ನೆಡುವರು. ಒಂದನೇ ನಂಬರಿನ ಹೂ ಊಟದ ತಟ್ಟೆಗಿಂತ ದೊಡ್ಡದು ಎಂಬುದು ಅವರದೇ ವರದಿ.

ಗೆಡ್ಡೆ ಹೆಚ್ಚಿ ಕುಂಡ ಸಾಲದಾದಾಗ ಭಾವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಮೆಟ್ಟಿಲ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ತೀರ್ಪು ಕೊಟ್ಟರು.

"ನೋಡಮ್ಮಾ, ನೆಟ್ಟವರದ್ದು ಮಣ್ಣು. ಇಷ್ಟು ವರ್ಷದಲ್ಲಿ ನೀನು ಒಂದು ಗಿಡ ನೆಟ್ಟಿದ್ದನ್ನ ಯಾರಾದ್ರೂ ನೋಡಿದಾರಾ?"

ಯಾರೂ ನೋಡಿರಲಿಲ್ಲ. ಅದು ನೆಡುವ ಹೂವೇ ಅಲ್ಲ. ಗಸಗಸೆ ಜಾತಿಯ ಆ ಕೆಂಪು ಹೂವಿನ ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ಅದು ಮುನಿಸಿಕೊಂಡು ಸಾಯುತ್ತದೆ. ಕಾಯಿ ಒಣಗಿ ತಾನೇ ಬೀಜ ಉದುರಿಸಬೇಕು, ತಾನೇ ಹುಟ್ಟಬೇಕು. ಯಾರೂ ಕೈ ಹಾಕದಂತೆ ಕಾಯುವುದೇ ಅಕ್ಕನ ತೋಟಗಾರಿಕೆ. ಇದನ್ನು ಭಾವನಿಗೆ ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ.

"ಭಾವ ಅಂತ ಮರ್ಯಾದೆ ಕೊಡೋದು ಇವತ್ತಿಗೆ ಕೊನೆ. ಗುದ್ದಲಿ ಒಳಗಿಡಿ."

ಭಾವ ಒಳಗಿಟ್ಟರು, ಬೇಸಿಗೆಯವರೆಗೆ. ಅಕ್ಕ ಪ್ರೆಸ್ಸಿಗೆ ಹೋಗಿದ್ದ ಒಂದು ಮಧ್ಯಾಹ್ನ, ಕಾಯಿಗಳು ಬಾಯಿ ಬಿಡುವ ಮೊದಲೇ ಗಿಡಗಳನ್ನೆಲ್ಲ ಕತ್ತರಿಸಿ ಸುಟ್ಟರು. ಅಕ್ಕ ಬಂದು ಬೂದಿಯನ್ನು ಬಕೆಟ್ಟಿಗೆ ತುಂಬಿ, ಮಹಡಿಯ ಬಾಗಿಲಿಗೆ ಸುರಿದು, ಪುಸ್ತಕ ಹೊಲಿಯಲು ಕೂತರು. ಚಳಿ ಕಳೆದಾಗ ಭಾವ ಪಟ್ಟಿಯನ್ನು ಮೊಳದಾಳ ಅಗೆದು, ಹಗ್ಗ ಹಿಡಿದು, ಗೆಡ್ಡೆಗಳನ್ನು ನಂಬರಿನ ಪ್ರಕಾರ ನೆಟ್ಟರು. ಅಕ್ಕನ ಕಥೆ ಮುಗಿಯಿತು ಎಂದು ನಾನೂ ಷರಾ ಬರೆದೆ.

ಆದರೆ ಹದಿನೈದು ವರ್ಷ ಉದುರಿದ ಬೀಜವೆಲ್ಲ ಕೆಳಗೆ ನಿದ್ದೆ ಮಾಡುತ್ತಿತ್ತು. ಬೆಳಕು ಕಂಡರೆ ಮಾತ್ರ ಏಳುವ ಜಾತಿ. ಭಾವನ ಗುದ್ದಲಿ ಅದನ್ನು ಮೇಲೆ ತಂದು ಬೆಳಕು ತೋರಿಸಿತ್ತು. ಮೂರು ವಾರಕ್ಕೆ ಪಟ್ಟಿಯ ತುಂಬ ಗಡ್ಡ ಬಂದಂತೆ ಸಸಿ. ಭಾವ ಕೆರೆದರು. ಕೆರೆದಷ್ಟೂ ಹೊಸ ಮಣ್ಣು ಮೇಲೆ ಬಂದು ಹೊಸ ಬೀಜ ಎದ್ದಿತು. ನಾಲ್ಕನೇ ಸಲ ರೋಷದಿಂದ ಕೆರೆಯುವಾಗ ಒಂದನೇ ನಂಬರಿನ ಮೊಳಕೆಯೇ ತುಂಡಾಯಿತು.

"ನಿನ್ನ ಕಳೆ ನೀನೇ ಬಂದು ಕಿತ್ಕೋ," ಎಂದರು ಭಾವ.

ಕಿಟಕಿಯಲ್ಲಿದ್ದ ಅಕ್ಕ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ನಾನು ನೆಟ್ಟೇ ಇಲ್ವಲ್ಲ. ನೆಟ್ಟೋರನ್ನ ಕರೀರಿ."

ವಾರದೊಳಗೆ ಗೆಡ್ಡೆಗಳು ಬಕೆಟ್ಟಿನಲ್ಲಿ ಮಹಡಿ ಹತ್ತಿದವು. ಒಂದೂ ಉಳಿಯದಂತೆ ಅಕ್ಕ ಬಾಗಿಲಲ್ಲಿ ನಿಂತು ನೋಡಿಕೊಂಡರು. ಬಿದ್ದಿದ್ದ ಒಂದು ಚೀಟಿಯನ್ನು ಕಾಲಿನಿಂದಲೇ ಮೆಟ್ಟಿಲ ಕಡೆ ಸರಿಸಿದರು.

ಪಟ್ಟಿ ಕೆಂಪಾಯಿತು. ಗೆದ್ದವರ ಮನಸ್ಸು ಮೆತ್ತಗಾಗಿರುತ್ತದೆ ಎಂದು ಲೆಕ್ಕ ಹಾಕಿ, ಬರೆಯುವುದಕ್ಕೂ ಏನಾದರೂ ಸಿಕ್ಕೀತೆಂದು ನಾನು ಗೇಟು ದಾಟಿ ಹೋದೆ. ದನಿಯಲ್ಲಿ ಆದಷ್ಟು ಭಾವುಕತೆ ತುಂಬಿಕೊಂಡು ಕೇಳಿದೆ: "ಅಕ್ಕಾ, ಈ ಹೂಗಳ ಜೊತೆ ನೀವು ಮಾತಾಡ್ತೀರಾ?"

"ಇಲ್ಲ. ನಿಮ್ಮ ಜೊತೆನೂ ಆಡ್ತಿರಲಿಲ್ಲ. ಸಸಿ ಮೇಲೆ ನಿಂತಿದೀರಿ, ಕಾಲು ತೆಗೀರಿ."