ನೋವಿಲ್ಲದ ಮೊಣಕಾಲಿಗೆ ಪಟ್ಟಿ

ಫುಟ್‌ಬಾಲ್ ಕ್ಲಬ್ಬಿನ ಹಜಾರದ ಗೋಡೆಯ ಮೇಲೆ ಹೆಸರುವಾಸಿ ಆಟಗಾರರ ಫೋಟೊಗಳು ಸಾಲಾಗಿ ತೂಗುತ್ತವೆ. ಎಲ್ಲವೂ ಎದೆಯವರೆಗೆ ಮಾತ್ರ. ನೀರು ಹಚ್ಚಿ ಬಾಚಿದ ತಲೆ, ಗುಂಡಿ ಹಾಕಿದ ಕೋಟು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರಂಥ ಬಿಗಿದ ಮುಖ. ಜೀವಮಾನವೆಲ್ಲ ಕಾಲಿನಿಂದ ಹೊಟ್ಟೆ ಹೊರೆದವರ ಫೋಟೊದಲ್ಲಿ ಒಂದು ಕಾಲೂ ಕಾಣುವುದಿಲ್ಲ. ತೆಗೆದವನ ಬುದ್ಧಿಗೆ ಬೆಂಕಿ ಬೀಳ!

ಆ ಕಾಲುಗಳನ್ನು ಬಲ್ಲವನು ಒಬ್ಬನಿದ್ದ. ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ, ತಲೆ ಬಗ್ಗಿಸಿ ಹೋಗಬೇಕಾದ ಕೋಣೆಯಲ್ಲಿ ಆಟಗಾರರಿಗೆ ಮಾಲೀಶು ಮಾಡುವವನು. ಎಲ್ಲರೂ ಅವನನ್ನು ಹೆಬ್ಬೆಟ್ಟಣ್ಣ ಎನ್ನುತ್ತಿದ್ದರು. ಹೆಬ್ಬೆರಳು ಬದನೆಕಾಯಿಯಷ್ಟು ದಪ್ಪ ಇದ್ದುದು ಒಂದು ಕಾರಣ, ಸಂಬಳಕ್ಕೆ ಸಹಿಯ ಬದಲು ಅದನ್ನೇ ಒತ್ತುತ್ತಿದ್ದುದು ಇನ್ನೊಂದು. ಎರಡಕ್ಕೂ ಅವನು ನಗುತ್ತಿದ್ದ. ಮೂರನೆಯದು ಹುಡುಕಲು ಹೋದವನಿಗೆ ಮಾತ್ರ ಏಳು ಜನ್ಮಕ್ಕಾಗುವಷ್ಟು ಬೈಗುಳ ಬೀಳುತ್ತಿತ್ತು.

ಫೋಟೊಗಳ ಮುಂದೆ ಹಾದುಹೋಗುವಾಗ ಅವನಿಗೆ ಮುಖ ನೆನಪಾಗುತ್ತಿರಲಿಲ್ಲ. 'ಗಾಳಿ' ಎಂಬ ಹೆಸರಿನವನು ಗೆರೆಯಂಚಿನಲ್ಲಿ ಓಡಿದರೆ ಎದುರು ತಂಡದವರು ಬರೀ ಧೂಳು ನೋಡುತ್ತಿದ್ದರು. ಹೆಬ್ಬೆಟ್ಟಣ್ಣನಿಗೆ ಗೊತ್ತಿದ್ದುದು ಅವನ ತೊಡೆಯ ಹಿಂದೆ ಹರಿದು ಗಂಟು ಕಟ್ಟಿದ್ದ ಸ್ನಾಯು. ಆಟ ಬಿಟ್ಟ ಮೇಲೆ ಅವನು ಸಾಮಾನಿನ ವ್ಯಾನು ಓಡಿಸಿದ, ಕ್ಲಚ್ ತುಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. 'ಬೀಗ' ಎಂಬ ಗೋಲ್‌ಕೀಪರ್ ಒಂದು ಇಡೀ ಸೀಸನ್ ಸ್ವಂತ ಮೈದಾನದಲ್ಲಿ ಚೆಂಡು ಒಳಗೆ ಬಿಟ್ಟುಕೊಂಡಿರಲಿಲ್ಲ. ಅದೇ ಧೀರ ಮಾಲೀಶಿನ ಬೆಂಚಿನ ಮೇಲೆ ಕಾಲಿನ ಹರಡು ಮುಟ್ಟಿದರೆ 'ಅಮ್ಮಾ' ಎಂದು ಚೀರುತ್ತಿದ್ದ. ಈಗ ಅವನೇ ಕೋಚ್.

ಮತ್ತೆ 'ಸುತ್ತಿಗೆ'. ಅವನ ಫೋಟೊ ಇನ್ನೂ ಗೋಡೆಗೆ ಏರಿರಲಿಲ್ಲ. ಎಡಗಾಲಿನಲ್ಲಿ ಅವನು ಹೊಡೆದ ಚೆಂಡು ಬಲೆಗೆ ಬಡಿದ ಸದ್ದು ಹೊರಗಿನ ಬಸ್ ನಿಲ್ದಾಣಕ್ಕೂ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಸುಳ್ಳಿರಬಹುದು, ಆದರೆ ಹೇಳುವಾಗ ಅವರ ಕಣ್ಣು ಹೊಳೆಯುತ್ತಿದ್ದುದು ಸುಳ್ಳಲ್ಲ. ಹೆಬ್ಬೆಟ್ಟಣ್ಣನ ತಂಗಿಯನ್ನು ಮದುವೆಯಾದವನು ಇವನೇ.

ಮದುವೆಯ ವರ್ಷವೇ ಸುತ್ತಿಗೆಯ ಎಡ ಮೊಣಕಾಲು ತಿರುಚಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದರೆ ಎದುರು ತಂಡದವರು ಆ ಕಾಲನ್ನೇ ಹುಡುಕಿ ಒದೆಯುತ್ತಾರೆ, ಇದು ಆಟದಲ್ಲಿ ಎಲ್ಲರಿಗೂ ಗೊತ್ತಿರುವ ಹಲ್ಕಾತನ. ಹೆಬ್ಬೆಟ್ಟಣ್ಣ ಒಂದು ಉಪಾಯ ಮಾಡಿದ. ನೋವಿದ್ದ ಎಡಗಾಲನ್ನು ಹಾಗೇ ಬಿಟ್ಟು, ಕಲ್ಲಿನಂತಿದ್ದ ಬಲ ಮೊಣಕಾಲಿಗೆ ದಪ್ಪಗೆ ಬಿಳಿ ಪಟ್ಟಿ ಸುತ್ತಿದ. ಎದುರಾಳಿಗಳು ಬಲಗಾಲಿಗೆ ಒದ್ದರು, ಸುತ್ತಿಗೆ ಎಡಗಾಲಿನಲ್ಲಿ ಗೋಲು ಹೊಡೆದ. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಣ್ಣನ ತಲೆ ಅಂದ್ರೆ ಏನಂದ್ಕೊಂಡ್ರಿ!" ಎಂದು ಮನೆಯಲ್ಲಿ ತಂಗಿಯೂ ನಕ್ಕಳು. ಆಮೇಲೆ ಎಡಗಾಲು ಪೂರ್ತಿ ವಾಸಿಯಾಗಲೂ ಇಲ್ಲ, ಬಲಗಾಲಿನ ಪಟ್ಟಿ ಬಿಚ್ಚಲೂ ಇಲ್ಲ. ಒಂಬತ್ತು ಸೀಸನ್ ಕಳೆದವು.

ಕೊನೆಯ ಮ್ಯಾಚಿನ ವಾರ ಸುತ್ತಿಗೆ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದ. ಇನ್ನೊಂದು ಗೋಲು ಹೊಡೆದರೆ ಕ್ಲಬ್ಬಿನ ಇತಿಹಾಸದಲ್ಲೇ ಅವನದು ಹೆಚ್ಚು ಗೋಲು. ಗೋಡೆಯಲ್ಲಿ ಮೊಳೆ ಕೂಡ ಹೊಡೆದಾಗಿತ್ತು. ಹೆಬ್ಬೆಟ್ಟಣ್ಣ ಅಭ್ಯಾಸಬಲದಿಂದ ಎಡಗಾಲು ಮುಗಿಸಿ ಬಲಗಾಲಿಗೆ ಕೈ ಹಾಕಿದ. ಮೊಣಕಾಲ ಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತಿದಾಗ ನೀರು ತುಂಬಿದ ಚೀಲದಂತೆ ಮೆತ್ತಗಾಯಿತು. ಕಾಲು ಮಡಿಸಿದರೆ ಒಳಗೆ ಮರಳು ಅರೆದಂತೆ ಗರಗರ ಎಂದಿತು. ಅವನ ಕೈ ಅಲ್ಲೇ ನಿಂತಿತು.

"ಯಾವಾಗಿಂದ್ಲೋ ಇದು?"

"ಯಾವ್ದು?"

"ಕಳ್ಳ! ಬಲಗಾಲು!"

"ಭಾವ, ಭಾನುವಾರ ಒಂದು ಮುಗೀಲಿ. ಆಮೇಲೆ ಎರಡೂ ಕಾಲು ಬಿಚ್ಚಿ ನಿನ್ನ ಕೈಗೇ ಕೊಡ್ತೀನಿ, ಶೋಕೇಸಲ್ಲಿ ಇಟ್ಕೋ."

ಹೆಬ್ಬೆಟ್ಟಣ್ಣ ನಗಲಿಲ್ಲ. ಚೆನ್ನಾಗಿದ್ದ ಕಾಲನ್ನು ಒಂಬತ್ತು ವರ್ಷ ಕಟುಕರ ಮುಂದೆ ಹಿಡಿದವನು ತಾನೇ ಅಲ್ಲವೇ?

ಸಂಜೆ ತಂಗಿಯ ಮನೆಗೆ ಹೋದ. ಮೂರನೆಯ ಮಹಡಿ, ಲಿಫ್ಟಿಲ್ಲ. ತಂಗಿ ಬಟ್ಟೆ ಮಡಿಸುತ್ತ, ಗಂಡ ಸ್ನಾನಕ್ಕೆ ಹೋಗುವವರೆಗೂ ಕಾದು, ದನಿ ತಗ್ಗಿಸಿದಳು.

"ಅಣ್ಣ, ಇವ್ರು ಬೆಳಿಗ್ಗೆ ಮೆಟ್ಟಿಲು ಹೆಂಗೆ ಇಳೀತಾರೆ ಗೊತ್ತಾ? ಹಿಂದುಮುಂದಾಗಿ. ಕಂಬಿ ಹಿಡ್ಕೊಂಡು, ಏಣಿ ಇಳ್ದಂಗೆ. ಎದುರುಮನೆ ಮಕ್ಕಳು ಆಟ ಅಂದ್ಕೊಂಡು ಅವ್ರೂ ಹಂಗೇ ಇಳೀತವೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಣೆ ಅಂದ್ರು. ಈಗ ಆಣೆ ಮುರ್ದೆ. ಇವ್ರು ಆಡಬಾರ್ದು ಅಣ್ಣ. ಆಡಿದ್ರೂ ಆ ಬಲಗಾಲಿಗೆ ಒಂದೇಟೂ ಬೀಳಬಾರ್ದು. ಅದೊಂದೇ ಉಳ್ದಿರೋದು. ಫೋಟೊ ಬಂದು ಇವ್ರನ್ನ ಬಚ್ಚಲಿಗೆ ಎತ್ಕೊಂಡು ಹೋಗುತ್ತಾ?"

ಮರುದಿನ ಅವನು ಕೋಚ್‌ನ ಕೋಣೆಗೆ ನುಗ್ಗಿದ. ಬೀಗ ಎಲ್ಲ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಟಿಕೆಟ್ ಎಲ್ಲಾ ಖರ್ಚಾಗಿದೆ. ಆಡಿಸ್ದೆ ಇದ್ರೆ ಜನ ನನ್ನ ಚರ್ಮ ಸುಲೀತಾರೆ, ಅದಕ್ಕೆ ಮುಂಚೆ ಸುತ್ತಿಗೇನೇ ಸುಲೀತಾನೆ."

"ನಿನ್ನ ಹರಡು ಹಿಡ್ಕೊಂಡು ರಾತ್ರಿಯೆಲ್ಲ ಕೂತಿದ್ದೋನು ನಾನು. ಮರ್ತ್ಯಾ?"

"ಮರ್ತಿಲ್ಲ. ಅದಕ್ಕೇ ನಿನ್ನನ್ನ ಆಚೆ ಹಾಕ್ತಿಲ್ಲ. ಹೋಗಿ ಉಜ್ಜು, ಹೋಗು."

ಹೆಬ್ಬೆಟ್ಟಣ್ಣ ಬಾಗಿಲನ್ನು ದಡಾರನೆ ಎಳೆದುಕೊಂಡ ರಭಸಕ್ಕೆ ಮೊಳೆ ಅಲುಗಿ ಹಜಾರದಲ್ಲಿ 'ಗಾಳಿ' ಓರೆಯಾದ. ಬೈಯುತ್ತಲೇ ಫೋಟೊವನ್ನು ನೆಟ್ಟಗೆ ಮಾಡಿದ.

ಭಾನುವಾರ ಸುತ್ತಿಗೆ ಬೂಟು ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತ. ಹೆಬ್ಬೆಟ್ಟಣ್ಣ ಪಟ್ಟಿಯ ಸುರುಳಿ ಹಿಡಿದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಬಲಗಾಲಿಗೆ ಕಟ್ಟಿದರೆ ಇರುವುದೂ ಹೋಗುತ್ತದೆ. ಎಡಗಾಲಿಗೆ ಕಟ್ಟಿದರೆ ಸತ್ತ ಹಾವನ್ನೇ ಹೊಡೆದು ಹೊಡೆದು ಪುಡಿ ಮಾಡುತ್ತಾರೆ. ಯಾವುದಕ್ಕೂ ಕಟ್ಟದಿದ್ದರೆ? ಒಂಬತ್ತು ವರ್ಷ ಪಾಠ ಹೇಳಿಕೊಟ್ಟಾಗಿದೆ, ಪಟ್ಟಿ ಇರಲಿ ಇಲ್ಲದಿರಲಿ, ಅವರ ಬೂಟು ತಾನಾಗಿ ಬಲಗಾಲಿಗೇ ಬರುತ್ತದೆ. ಸುಳ್ಳು ಅವನ ಕೈ ಮೀರಿ ಬೆಳೆದಿತ್ತು.

"ಕಟ್ಟು ಭಾವ, ಟೈಮಾಯ್ತು."

ಅವನು ಸುರುಳಿಯನ್ನು ಸುತ್ತಿಗೆಯ ಮಡಿಲಿಗೆ ಎಸೆದು ಎದ್ದು ಹೊರಟ. ಹೋಗಿದ್ದು ಎದುರು ತಂಡದವರ ಬಾಗಿಲಿಗೆ. ಆಟದಲ್ಲಿ ಇದಕ್ಕಿಂತ ದೊಡ್ಡ ದ್ರೋಹವಿಲ್ಲ, ಅದು ಅವನಿಗೂ ಗೊತ್ತಿತ್ತು.

ಗೋಲಿನ ಮುಂದೆ ಅಡ್ಡ ನಿಲ್ಲುವ ಅವರ ಸ್ಟಾಪರ್ ಎಂದರೆ ಬೀರುವಿನಂಥ ಆಳು. ಬಾಗಿಲ ಹೊರಗೆ ಗೋಡೆಗೆ ಕಾಲೊತ್ತಿ ಮೈ ಸಡಿಲಿಸಿಕೊಳ್ಳುತ್ತಿದ್ದ. ಹೆಬ್ಬೆಟ್ಟಣ್ಣ ಒಂದೇ ಉಸಿರಿಗೆ ಒದರಿದ.

"ನೋಡಪ್ಪ, ಅವನ ಎರಡೂ ಮೊಣಕಾಲು ಹೋಗಿವೆ. ಚೆಂಡು ಕಿತ್ಕೋ, ತಳ್ಳು, ಏನಾದ್ರೂ ಮಾಡು. ಕಾಲಿಗೆ ಮಾತ್ರ ಹೊಡೀಬೇಡ."

ಸ್ಟಾಪರ್ ನಕ್ಕುಬಿಟ್ಟ. "ಏನ್ ಹೆಬ್ಬೆಟ್ಟಣ್ಣ, ಹೊಸ ನಾಟಕ ಬರ್ದಿದೀಯಾ? ಪಟ್ಟಿ ಹಳೇದಾಯ್ತು ಅಂತ ಈಗ ಅಳೋ ಪಾರ್ಟಾ?"

"ನಾಟಕ ಅಲ್ವೋ! ಅವನ ಮನೇಲಿರೋದು ನನ್ನ ತಂಗಿ ಕಣಪ್ಪ. ಗಂಡ ಬೆಳಿಗ್ಗೆ ಮೆಟ್ಟಿಲು ಹಿಂದುಮುಂದಾಗಿ ಇಳೀತಾನೆ ಅಂತ ಅಳ್ತಾ ಕೂತಿದಾಳೆ."

ಸ್ಟಾಪರ್‌ನ ನಗು ನಿಂತಿತು. ಗೋಡೆಗೆ ಒತ್ತಿದ್ದ ಕಾಲನ್ನು ನಿಧಾನವಾಗಿ ಕೆಳಗಿಟ್ಟ. "ನಾನೂ ಹಂಗೇ ಇಳಿಯೋದು," ಎಂದ. ಹಿಂದೆ ತಿರುಗಿ ಬಾಗಿಲ ಕಡೆ ನೋಡಿ, "ಹೋಗು. ಯಾರಾದ್ರೂ ನೋಡಿದ್ರೆ ನಿನ್ನ ಕೆಲಸ ಹೋಗುತ್ತೆ," ಎಂದ.

ಸುತ್ತಿಗೆ ತಾನೇ ಬಲಗಾಲಿಗೆ ಸೊಟ್ಟಪಟ್ಟವಾಗಿ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಇಳಿದಿದ್ದ. ಸ್ಟಾಪರ್ ಮೈಗೆ ಮೈ ತಾಗಿಸಿದ, ಅಂಗಿ ಎಳೆದ, ಬೈದ. ಕಾಲು ಮಾತ್ರ ಚಾಚಲಿಲ್ಲ. ಆಟ ಮುಗಿಯುತ್ತ ಬಂದಾಗ ಚೆಂಡು ಸುತ್ತಿಗೆಯ ಎಡಗಾಲಿಗೆ ಉರುಳಿ ಬಂತು. ಸ್ಟಾಪರ್ ಅಡ್ಡ ಜಾರಿ ಬಿದ್ದಿದ್ದರೆ ಚೆಂಡೂ ಸಿಗುತ್ತಿತ್ತು, ಮೊಣಕಾಲೂ ಸಿಗುತ್ತಿತ್ತು. ಅವನು ಅರ್ಧ ಹೆಜ್ಜೆ ತಡೆದ. ಬಲೆ ನಡುಗಿತು. ಗ್ಯಾಲರಿ ಹುಚ್ಚೆದ್ದು ಕುಣಿಯಿತು.

ಸುತ್ತಿಗೆ ಕುಣಿಯಲಿಲ್ಲ. ನಿಂತಲ್ಲೇ ನಿಂತು ಸ್ಟಾಪರ್‌ನ ಮುಖ ನೋಡಿದ. ಆಮೇಲೆ ಗೆರೆಯಾಚೆ ನಿಂತಿದ್ದ ಭಾವನ ಮುಖ ನೋಡಿದ. ಅಷ್ಟು ವರ್ಷ ಆಡಿದವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಾಲೀಶಿನ ಕೋಣೆಯಲ್ಲಿ ಬಾಗಿಲು ಮುಚ್ಚಿದ ಮೇಲೆ ಅವನು ಪಟ್ಟಿ ಬಿಚ್ಚಿ ಹೆಬ್ಬೆಟ್ಟಣ್ಣನ ಎದೆಗೆ ಎಸೆದ.

"ಅವನಿಗೆ ಏನ್ ಹೇಳ್ದೆ?"

"ಇದ್ದದ್ದು ಹೇಳ್ದೆ."

"ಉಳಿದ ಗೋಲೆಲ್ಲಾ ನಾನು ಹೊಡೆದಿದ್ದು. ಇದೊಂದು ಭಿಕ್ಷೆ. ಆ ಗೋಡೆ ಮೇಲೆ ನನ್ನನ್ನ ನೇತು ಹಾಕೋದು ಇದೇ ಗೋಲಿಗೆ. ಹಾಕೋಕೆ ನೀನೇ ಹಗ್ಗ ಕೊಟ್ಟೆ."

"ಕಾಲು ಉಳೀತಲ್ಲೋ, ದರಿದ್ರ!"

"ಇನ್ಮೇಲೆ ಈ ಕಾಲು ಮುಟ್ಟಬೇಡ."

ಫೋಟೊ ಗೋಡೆಗೆ ಏರಿತು. ಸುತ್ತಿಗೆ ಆ ಸಮಾರಂಭಕ್ಕೆ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ, ಜನ ನಂಬಿದರು.

ಕೆಲವು ದಿನ ತಡೆದು ಹೆಬ್ಬೆಟ್ಟಣ್ಣ ಎಣ್ಣೆಯ ಬಾಟಲಿ ಹಿಡಿದು ತಂಗಿಯ ಮನೆಯ ಮೂರು ಮಹಡಿ ಹತ್ತಿದ. ಅವಳು ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತಳು.

"ಒಳಗೆ ಬರಬೇಡ ಅಣ್ಣ. ನೀನು ಬಂದ್ರೆ ಅವ್ರು ಮನೆ ಬಿಟ್ಟು ಹೋಗ್ತಾರಂತೆ."

"ಊತ?"

"ಇಳೀತಾ ಇದೆ. ನಾನೇ ಉಜ್ತೀನಿ."

"ನೀನು? ನಿಂಗೇನ್ ಬರುತ್ತೆ ಮಣ್ಣು! ಕೈ ಕೊಡು ಇಲ್ಲಿ." ಅವಳ ಮಣಿಕಟ್ಟಿನ ಒಳಭಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದ, ಮೇಲಕ್ಕೆ ಜಾರಿಸಿದ. "ಇಷ್ಟೇ ಭಾರ. ಚಿಪ್ಪಿನ ಮೇಲಲ್ಲ, ಸುತ್ತ. ಅವನು ಬೈದ್ರೆ ಸರಿಯಾದ ಜಾಗ ಸಿಕ್ಕಿದೆ ಅಂತ ತಿಳ್ಕೋ."

ಒಳಗಿನಿಂದ ದನಿ ಬಂತು. "ಯಾರೇ ಅದು, ಪಿಸಿಪಿಸಿ?"

"ಪಕ್ಕದ್ಮನೆಯವ್ರು ರೀ."

"ಪಕ್ಕದ್ಮನೆಯವರ ಮೈಗೆ ಮಾಲೀಶಿನ ಎಣ್ಣೆ ವಾಸನೆ ಯಾವಾಗ ಬಂತು? ಬಾಗಿಲು ಹಾಕು."

ಅವಳು ಬಾಟಲಿ ಇಸಿದುಕೊಂಡಳು. ಅಣ್ಣನ ಮುಖ ನೋಡಲಾರದೆ ಬಾಗಿಲು ಹಾಕಿದಳು. ಹೆಬ್ಬೆಟ್ಟಣ್ಣ ಅಲ್ಲೇ ನಿಂತು ಕಿವಿಗೊಟ್ಟ. ಒಳಗೆ ಕುರ್ಚಿ ಸರಿಯಿತು. ಎರಡು ಕಾಲು, ಒಂದು ಎಳೆಯುತ್ತ, ಇನ್ನೊಂದು ಗಟ್ಟಿಯಾಗಿ ಊರುತ್ತ, ಈ ಗೋಡೆಯಿಂದ ಆ ಗೋಡೆಯವರೆಗೆ ಎಲ್ಲೂ ನಿಲ್ಲದೆ ನಡೆದುಹೋದವು. ಅಷ್ಟು ಕೇಳಿಸಿಕೊಂಡು ಅವನು ಮೆಟ್ಟಿಲಿಳಿದ.